ವಲ್ಕಾ, ವಲ್ಗಾ

ಲಾಟ್ವಿಯಾದವರಿಗೆ ಈ ಊರು ವಲ್ಕಾ,
ಎಸ್ಟೋನಿಯಾದವರಿಗೆ ವಲ್ಗಾ.
ನಮ್ಮ ವರ್ಣಮಾಲೆಯಲ್ಲಿ ಕ-ಗಗಳ ನಡುವೆ
ಒಂದು ಖ ಇದೆ, ಉಸಿರೊತ್ತಿ ಹೇಳಬೇಕಾದ್ದು.
ಇಲ್ಲಿ ಆ ಜಾಗದಲ್ಲಿ
ಮೊಣಕಾಲು ಮುಳುಗದ ಒಂದು ತೊರೆ.

ನಾನು ಬಂದದ್ದು ಪ್ರಶ್ನಾವಳಿ ಹಿಡಿದು.
ನಲವತ್ತು ಪ್ರಶ್ನೆ, ಎರಡು ಕಾಲಂ:
ತೆರಿಗೆ, ಪಿಂಚಣಿ, ಕನಿಷ್ಠ ಕೂಲಿ, ಹೆರಿಗೆ ರಜೆ,
ಆಸ್ಪತ್ರೆಯ ಸರದಿ, ಶಾಲೆಯ ಊಟ.
ಯಾವ ದೇಶದ ಮಾದರಿ ಮೇಲು
ಎಂಬುದು ಮೂವತ್ತೊಂಬತ್ತನೆಯದು.
ನಲವತ್ತು: ಸಹಿ.

ಜಿದ್ರಾ, ಎಪ್ಪತ್ತೊಂದು, ವಲ್ಕಾದ ಕಡೆಯವಳು,
ಸೇಬು ಹೆಚ್ಚುತ್ತಲೇ ಉತ್ತರ ಕೊಟ್ಟಳು:

"ನಾನೂ ಹೆಲ್ಯೂನೂ ಒಂದೇ ಕಾರ್ಖಾನೇಲಿದ್ದವರು,
ಅಕ್ಕಪಕ್ಕದ ಹೊಲಿಗೆ ಮಷಿನು, ಸೋವಿಯತ್ ಕಾಲ.
ಸಂಬಳ ಒಂದೇ, ಬೈಗುಳ ಒಂದೇ,
ಗುಂಡಿ ಹೊಲಿದ ಕೋಟುಗಳೂ ಒಂದೇ ಅಳತೆ.
ಆಮೇಲೆ ಬೀದಿಗೆ ಬೇಲಿ ಬಂತು,
ಅವಳಿಗೊಂದು ದೇಶ, ನನಗೊಂದು.
ಹದಿನಾರು ವರ್ಷಕ್ಕೆ ಬೇಲಿ ಕಿತ್ತದ್ದೂ ಆಯಿತು.
ಪಿಂಚಣಿ ಮಾತ್ರ ಇನ್ನೂ ಬೇಲಿಯ ಆಚೀಚೆಯೇ.
ಅವಳದು ಹೆಚ್ಚು. ಎಷ್ಟು ಅಂತ ಕೇಳಬೇಡಿ.
ಅವಳು ಹೇಳಲ್ಲ, ನನಗೆ ಗೊತ್ತು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ,
ಇಲ್ಲಿ ಹಿತ್ತಲೇ ಪರದೇಶ,
ಅಲ್ಲಿನ ಗಿಡವೆಲ್ಲ ಮದ್ದು.
ಮಕ್ಕಳ ಭತ್ಯೆ ಆಚೆ ಜಾಸ್ತಿಯೆಂದು
ಜಿದ್ರಾಳ ಮಗಳು ಲಾಸ್ಮಾ, ಅಳಿಯ, ಮೂರು ಮಕ್ಕಳು
ಹೆಲ್ಯುವಿನ ಒಂದೇ ಕೋಣೆಯ ಮನೆಯಲ್ಲಿ
ಕಾಗದದ ಮೇಲೆ ವಾಸ.
ನಿಜದಲ್ಲಿ ಇಲ್ಲೇ, ಮಹಡಿಯ ಮೇಲೆ;
ಈಗಷ್ಟೇ ಏನೋ ಉರುಳಿದ ಸದ್ದು.
"ಗಾಳಿ," ಎಂದಳು ಜಿದ್ರಾ, ನನ್ನ ಪೆನ್ನು ನೋಡುತ್ತ.

ಬೀರು ಈಚೆ ಅಗ್ಗ.
ಕುಡಿತ ತಗ್ಗಿಸಲು ಅಲ್ಲಿ ತೆರಿಗೆ ಏರಿಸಿದರು,
ಇಲ್ಲಿ ಅಂಗಡಿಗಳೆದ್ದವು.
ಉತ್ತರದಿಂದ ಹಗುರಾಗಿ ಬಂದ ಕಾರುಗಳು
ಬಸುರಿಯರಂತೆ ಮೆಲ್ಲಗೆ ಮರಳುತ್ತವೆ.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಇಪ್ಪತ್ತೇಳು: ತುರ್ತು ಚಿಕಿತ್ಸೆ.
ಚಾಕು ನಿಂತಿತು.

"ಹೋದ ಅಕ್ಟೋಬರು. ಹೆಲ್ಯು ನನ್ನ ಮರ ಹತ್ತಿದಳು,
ಈ ವಯಸ್ಸಲ್ಲಿ, ನನ್ನ ಅಳಿಯ ಸೋಮಾರಿ ಅಂತ ತೋರಿಸೋಕೆ.
ಬಿದ್ದಳು. ಸೊಂಟ.
ನನ್ನ ಹುಲ್ಲು, ನನ್ನ ದೇಶ, ಅವಳ ಮೂಳೆ.
ಫೋನು ಎತ್ತಿದೆ. ಬೇಡ ಅಂದಳು.
ನಿಮ್ಮೋರು ಬಂದರೆ ಎಲ್ಲೋ ದೂರ ಒಯ್ತಾರೆ,
ನನ್ನ ಆಸ್ಪತ್ರೆ ಇಲ್ಲಿಂದಲೇ ಕಾಣುತ್ತೆ,
ನನ್ನ ನನ್ನ ದೇಶಕ್ಕೆ ಹಾಕು ಅಂದಳು.
ಮಣ್ಣು ಹೊರೋ ಒಂಟಿಚಕ್ರದ ಗಾಡಿ, ಮೇಲೊಂದು ಕಂಬಳಿ.
ನಾನು ಹಿಡಿಕೆ ಹಿಡಿದೆ, ಲಾಸ್ಮಾ ಕಾಲು ಹಿಡಿದಳು.
ಹಲಗೆಯ ಮೇಲೆ ತೊರೆ ದಾಟಿ ಹನ್ನೊಂದು ಹೆಜ್ಜೆ.
ಹೆಜ್ಜೆಗೊಂದು ಬೈಗುಳ,
ಐದು ನನ್ನ ಭಾಷೇದು, ಐದು ಅವಳದು,
ಕೊನೇದು ರಷ್ಯನ್, ನಮ್ಮ ಹಳೇ ಮೇಸ್ತ್ರಿಯದು.
ಆಂಬುಲೆನ್ಸಿನ ಹುಡುಗ ಕೇಳಿದ, ಎಲ್ಲಿ ಬಿದ್ದಿರಿ ಅಜ್ಜಿ?
ಇಲ್ಲೇ ಅಂದಳು,
ಒಂದು ಮರವೂ ಇಲ್ಲದ ಬಯಲಲ್ಲಿ,
ತಲೆತುಂಬ ಸೇಬಿನೆಲೆ."

ನೂರು ವರ್ಷದ ಹಿಂದೆ ಯಾರೋ ಹೊರಗಿನ ಅಧಿಕಾರಿ
ನಕ್ಷೆಯಲ್ಲಿ ಎಳೆದ ಗೆರೆಯಂತೆ ಇದು.
ಅವನ ಬಳಿ ಕಡ್ಡಿಯಿತ್ತು, ನನ್ನ ಬಳಿ ಕಾಲಂ.
ಹೆಜ್ಜೆ ಬರೆಯಲು ಇಬ್ಬರ ಹಾಳೆಯಲ್ಲೂ ಜಾಗವಿಲ್ಲ.

"ಮೂವತ್ತೊಂಬತ್ತು," ಎಂದೆ.
ಅವಳು ಯೋಚಿಸಿದಳು. ನಿಜಕ್ಕೂ ಯೋಚಿಸಿದಳು.
"ಹೆರೋದು ಅಲ್ಲಿ. ಹಲ್ಲು ಕೀಳಿಸೋದು ಇಲ್ಲಿ.
ಕಾಯಿಲೆ ಬೀಳೋದು ಅಲ್ಲಿ.
ಹೂಳೋದಕ್ಕೆ ಇಲ್ಲಿ, ಮಣ್ಣು ಮೆತ್ತಗಿದೆ.
ಆ ಗಾಡಿ ಅಲ್ಲಿ ಕೊಂಡದ್ದು,
ಚಕ್ರ ಇಲ್ಲಿ ಹಾಕಿಸಿದ್ದು. ಬರ್ಕೊಳ್ಳಿ."

ಚಕ್ರದೊಳಗಿನ ಗಾಳಿ?

"ಅದು ಹೆಲ್ಯೂನ ಪಂಪಿಂದು.
ವಾಪಸು ಕೊಡು ಅಂತ ದಿನಾ ಆ ಕಿಟಕಿಯಿಂದ ಕೋಲು ಬೀಸ್ತಾಳೆ.
ಬಂದು ಒಯ್ಯಿ ಅಂದಿದ್ದೇನೆ.
ಬಂದಾಗೆಲ್ಲ ಎಲ್ಲಿಟ್ಟಿದ್ದೀನೋ ಮರೆತುಹೋಗಿರುತ್ತೆ.
ಡಾಕ್ಟರು ಅವಳಿಗೆ
ನಡೀಬೇಕು ಅಂದಿದ್ದಾರೆ."